ವಿಡಿಯೋ ಕಾಲ್ ಕ್ವಾಲಿಟಿ ಅಳೆಯೋದು ಹೇಗೆ: ಕನ್ನಡಿ, ಸ್ಟಾಪ್‌ವಾಚ್‌ನಿಂದ ವೆಬ್‌ಆರ್‌ಟಿಸಿ ಅಂಕಿಗಳ ತನಕ

ಸ್ಪೀಡ್ ಟೆಸ್ಟ್ ಮಾಡಿದ್ರೆ 100 ಎಂಬಿಪಿಎಸ್ ತೋರ್ಸತ್ತೆ, ಮೀಟಿಂಗಿಗೆ ಕೂತ್ರೆ "ನಿಮ್ ದನಿ ಕಟ್ ಆಗ್ತಿದೆ, ಇನ್ನೊಂದ್ಸಲ ಹೇಳಿ" ಅಂತಾರೆ. ಇದ್ರಲ್ಲಿ ಆಶ್ಚರ್ಯ ಏನಿಲ್ಲ. 720ಪಿ ವಿಡಿಯೋ ಕಾಲ್‌ಗೆ ಒಂದೂವರೆ ಎರಡು ಎಂಬಿಪಿಎಸ್ ಇದ್ರೆ ಸಾಕು, ಆಡಿಯೋಗಂತೂ ಅದ್ರಲ್ಲಿ ಚೂರೇ ಚೂರು, ಆದ್ರೆ ಆ ಒಂದೂವರೆ ಎಂಬಿಪಿಎಸ್ ಪ್ರತಿ ಸೆಕೆಂಡೂ ಸಿಗ್ಬೇಕು, ಹೋಗೋ ಕಡೆಗೂ ಬರೋ ಕಡೆಗೂ ಸಿಗ್ಬೇಕು, ತಡ ಆಗ್ದೆ ಸಿಗ್ಬೇಕು. ಸ್ಪೀಡ್ ಟೆಸ್ಟ್ ಕೆಲವೇ ಸೆಕೆಂಡು ಲೈನ್ ತುಂಬ್ಸಿ ಒಂದು ಸರಾಸರಿ ಹೇಳಿ ಮುಗಿಸತ್ತೆ. ಕಾಲ್ ಹಾಳಾಗೋದು ಮಧ್ಯದಲ್ಲಿ ಎಲ್ಲೋ ಬಂದು ಹೋಗೋ ಕೆಟ್ಟ ಐದು ಸೆಕೆಂಡಲ್ಲಿ, ಆ ಐದು ಸೆಕೆಂಡನ್ನ ಹಿಡಿಯೋದು ಹೇಗೆ, ಅದು ಹುಟ್ಟಿದ್ದು ನಿಮ್ಮ ಫೋನಲ್ಲಾ, ವೈಫೈನಲ್ಲಾ, ಲೈನಲ್ಲಾ, ಸರ್ವರಲ್ಲಾ, ಆ ಕಡೆಯವರ ಮನೇಲಾ ಅಂತ ಬೇರೆ ಮಾಡೋದು ಹೇಗೆ ಅನ್ನೋದೇ ಇಲ್ಲಿರೋ ವಿಷಯ.

ಮನೆಯಿಂದ ಕೆಲ್ಸ ಮಾಡೋರು, ಆನ್‌ಲೈನ್ ಕ್ಲಾಸ್ ತಗೊಳೋ ಮೇಷ್ಟ್ರು, ಅಮೆರಿಕದಲ್ಲಿರೋ ಮಗಳ ಜೊತೆ ದಿನಾ ಮಾತಾಡೋ ಅಪ್ಪ ಅಮ್ಮ, ಆಫೀಸಿಗೆ ಯಾವ ಆಪ್ ಅಂತ ಆರಿಸೋ ಐಟಿ ಟೀಮ್, ಎಲ್ರಿಗೂ ಮೊದಲರ್ಧ ಆಗತ್ತೆ, ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಎರಡನೇ ಅರ್ಧಕ್ಕೆ ಕಂಪ್ಯೂಟರ್ ಸ್ವಲ್ಪ ಗೊತ್ತಿರ್ಬೇಕು.

ಹಂತ 1: ಏನನ್ನ ಅಳೀತಿದೀವಿ ಅಂತ ಮೊದ್ಲು ಬರ್ಕೊಳ್ಳಿ

"ಕಾಲ್ ಸರಿ ಇಲ್ಲ" ಅನ್ನೋದು ನಾಲ್ಕೈದು ಬೇರೆ ಬೇರೆ ರೋಗಕ್ಕೆ ಒಂದೇ ಹೆಸರು. ಮಾತಿಗೆ ಉತ್ತರ ಲೇಟಾಗಿ ಬರತ್ತಾ? ಅದು ಡಿಲೇ, ತಡ. ದನಿ ರೋಬಾಟ್ ಥರ ಆಗತ್ತಾ, ಅಕ್ಷರ ನುಂಗ್ಕೊಂಡು ಹೋಗತ್ತಾ? ಅದು ಪ್ಯಾಕೆಟ್ ಲಾಸ್ ಇಲ್ಲಾ ಜಿಟ್ಟರ್. ಪ್ಯಾಕೆಟ್ ಅಂದ್ರೆ ದನಿ, ಚಿತ್ರ ಹೊತ್ತು ಹೋಗೋ ಡೇಟಾದ ಸಣ್ಣ ತುಂಡು. ಲಾಸ್ ಅಂದ್ರೆ ಪ್ಯಾಕೆಟ್ ಬರ್ಲೇ ಇಲ್ಲ ಅಂತ, ಜಿಟ್ಟರ್ ಅಂದ್ರೆ ಬಂತು ಆದ್ರೆ ಒಂದೊಂದು ಒಂದೊಂದು ಹೊತ್ತಿಗೆ ಬಂತು ಅಂತ. ಚಿತ್ರ ನಿಂತು ನಿಂತು ಓಡತ್ತಾ? ಫ್ರೀಜ್. ಚಿತ್ರ ಓಡತ್ತೆ ಆದ್ರೆ ಮಸುಕು ಮಸುಕಾ? ಬ್ಯಾಂಡ್‌ವಿಡ್ತ್ ಸಾಲ್ತಿಲ್ಲ, ಇಲ್ಲಾ ಫೋನ್ ಬಿಸಿಯಾಗಿ ಸುಸ್ತಾಗಿದೆ. ತುಟಿಗೂ ಮಾತಿಗೂ ತಾಳೆ ಇಲ್ವಾ? ಅದು ಲಿಪ್ ಸಿಂಕ್. ಕಾಲ್ ಸೇರಕ್ಕೇ ಹದಿನೈದು ಸೆಕೆಂಡ್ ಬೇಕಾ? ಅದೂ ಪರ್ಫಾರ್ಮೆನ್ಸೇ, ಅದನ್ನ ಯಾರೂ ಅಳೆಯಲ್ಲ ಅಷ್ಟೇ.

ಎಷ್ಟಿದ್ರೆ ಸರಿ ಅನ್ನೋದಕ್ಕೆ ಕೆಲವು ಅಂಕಿ ತಲೇಲಿರ್ಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು ತನ್ನ ಜಿ.114 ಶಿಫಾರಸಲ್ಲಿ ಹೇಳೋ ಪ್ರಕಾರ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದ್ರೆ ಮಾತುಕತೆಗೆ ಬಹುತೇಕ ತೊಂದ್ರೆ ಇಲ್ಲ, 400 ದಾಟೋ ಥರ ನೆಟ್‌ವರ್ಕ್ ಪ್ಲಾನ್ ಮಾಡ್ಲೇಬಾರ್ದು. ಇದು ಒಂದು ಕಡೆಯ ತಡ ಅನ್ನೋದು ನೆನಪಿರ್ಲಿ, ಪಿಂಗ್ (ಒಂದು ಸಣ್ಣ ಪ್ಯಾಕೆಟ್ ಕಳ್ಸಿ ಉತ್ತರ ಬರಕ್ಕೆ ಎಷ್ಟು ಹೊತ್ತು ಅಂತ ನೋಡೋ ಪರೀಕ್ಷೆ) ತೋರ್ಸೋದು ಹೋಗಿ ಬರೋ ತಡ, ಇವೆರಡನ್ನ ಕಲಸಿ ಗಾಬರಿ ಆಗೋರು ತುಂಬಾ ಜನ. ಲಾಸ್ ಶೇ. 1ರ ಒಳಗೆ, ಜಿಟ್ಟರ್ 30 ಮಿಲಿಸೆಕೆಂಡ್ ಒಳಗೆ ಇದ್ರೆ ನೆಮ್ಮದಿ. ಲಿಪ್ ಸಿಂಕ್‌ಗೆ ಐಟಿಯು ಪ್ರಸಾರ ವಿಭಾಗದ ಬಿಟಿ.1359 ಇದೆ: ಮಾತು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದ್ರೆ ಇಲ್ಲಾ 125 ಹಿಂದೆ ಬಿದ್ರೆ ನೋಡೋರಿಗೆ ಗೊತ್ತಾಗಕ್ಕೆ ಶುರುವಾಗತ್ತೆ. ಎರಡೂ ಒಂದೇ ಅಲ್ಲ ಗಮನಿಸಿ, ದೂರದಲ್ಲಿ ಬಟ್ಟೆ ಒಗೆಯೋರನ್ನ ನೋಡಿದ್ರೂ ಏಟು ಕಂಡ್ಮೇಲೇ ಸದ್ದು ಕೇಳೋದು, ಸದ್ದು ಮೊದ್ಲು ಬಂದ್ರೆ ಮಾತ್ರ ಮೆದುಳು ತಕ್ಷಣ ತಕರಾರು ತೆಗೆಯತ್ತೆ.

ಇನ್ನೊಂದು, ಬೆಳಕನ್ನ ಯಾರೂ ಓವರ್‌ಟೇಕ್ ಮಾಡಕ್ಕಾಗಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗತ್ತೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ ನೇರವಾಗಿ ಗೆರೆ ಎಳೆದ್ರೂ ಸುಮಾರು 14,000 ಕಿ.ಮೀ., ಅಂದ್ರೆ ಒಂದು ಕಡೆಗೇ 70 ಮಿಲಿಸೆಕೆಂಡ್, ಹೋಗಿ ಬರಕ್ಕೆ 140. ಕೇಬಲ್ ನೇರ ಹೋಗಲ್ಲ, ಇಲ್ಲಿಂದ ಚೆನ್ನೈ ಇಲ್ಲಾ ಮುಂಬೈ ಸೇರಿ ಸಮುದ್ರಕ್ಕಿಳಿದು ಸುತ್ತಾಡ್ಕೊಂಡು ಹೋಗತ್ತೆ, ಹಾಗಾಗಿ ಪಿಂಗ್ 200 ದಾಟೋದು ಮಾಮೂಲು. ಕ್ಯಾಲಿಫೋರ್ನಿಯಾ ಕಾಲ್‌ಗೆ ಪಿಂಗ್ 230 ಅಂತ ಇಂಟರ್ನೆಟ್ ಕೊಡೋರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ಅದೇ 230 ಮೈಸೂರಿಂದ ಬೆಂಗಳೂರಿಗೆ ಬಂದ್ರೆ ಖಂಡಿತ ಆಡಿ.

ಹಂತ 2: ಬರೀ ಕೈಯಲ್ಲಿ ಮಾಡೋ ಅಳತೆ

ನಾನು ಯಾವಾಗ್ಲೂ ಇಲ್ಲಿಂದ ಶುರು ಮಾಡಿ ಅಂತೀನಿ, ಯಾಕಂದ್ರೆ ಆಪ್ ಒಳಗಿನ ಅಂಕಿ ಎಷ್ಟೇ ಚೆನ್ನಾಗಿದ್ರೂ ಅದಕ್ಕೆ ನಿಮ್ಮ ಕ್ಯಾಮೆರಾ, ಸ್ಕ್ರೀನ್, ಬ್ಲೂಟೂತ್ ಸೇರಿಸೋ ತಡ ಪೂರ್ತಿ ಕಾಣ್ಸಲ್ಲ, ಮನುಷ್ಯನಿಗೆ ಎಲ್ಲಾ ಸೇರಿಯೇ ಕಾಣತ್ತೆ.

ಮೊದಲನೇದು ಎಣಿಕೆ ಆಟ. ಇಬ್ಬರು ಎದುರು ಬದುರು ಕೂತು ಒಂದರಿಂದ ಇಪ್ಪತ್ತರ ತನಕ ಒಬ್ಬರಾದ ಮೇಲೆ ಒಬ್ಬರು ಆದಷ್ಟು ಬೇಗ ಎಣಿಸಿ, ನೀವು ಒಂದು, ಅವರು ಎರಡು, ಹೀಗೆ. ನೀವು "ಒಂದು" ಅಂದಾಗ ಸ್ಟಾಪ್‌ವಾಚ್ ಒತ್ತಿ, ಅವರ "ಇಪ್ಪತ್ತು" ಕೇಳಿದಾಗ ನಿಲ್ಲಿಸಿ. ಆಮೇಲೆ ಅದೇ ಇಬ್ಬರು ಕಾಲ್‌ನಲ್ಲಿ ಇದನ್ನೇ ಮಾಡಿ. ಎದುರಿಗೆ 12 ಸೆಕೆಂಡ್, ಕಾಲ್‌ನಲ್ಲಿ 18 ಸೆಕೆಂಡ್ ಬಂತು ಅಂದ್ಕೊಳ್ಳಿ. ಹೆಚ್ಚಾಗಿದ್ದು 6 ಸೆಕೆಂಡ್, ದನಿ ಲೈನ್ ದಾಟಿದ್ದು 20 ಸಲ, ಒಂದು ಸಲಕ್ಕೆ 300 ಮಿಲಿಸೆಕೆಂಡ್. ಒಂದು ರೂಪಾಯಿ ಖರ್ಚಿಲ್ದೆ ಬಾಯಿಂದ ಕಿವಿ ತನಕದ ತಡ ಸಿಕ್ತು. ಎರಡು ಮೂರು ಸಲ ಮಾಡಿ ನಡುವಿಂದು ಇಟ್ಕೊಳ್ಳಿ. ಆ ಕಡೆ ಇರೋರು ದೂರದ ಊರಲ್ಲಿದ್ರೆ ಎದುರು ಕೂರೋ ಭಾಗವನ್ನ ಅವರದ್ದೇ ವೇಗದ ಇನ್ನೊಬ್ಬರ ಜೊತೆ ಮಾಡ್ಬೇಕಾಗತ್ತೆ, ಆಗ ಲೆಕ್ಕ ಸ್ವಲ್ಪ ದಪ್ಪ ಆಗತ್ತೆ, ಪರವಾಗಿಲ್ಲ.

ಎರಡನೇದು ಚಿತ್ರದ ತಡ, ಇದನ್ನ ಈ ಕೆಲ್ಸದವರು ಗ್ಲಾಸ್ ಟು ಗ್ಲಾಸ್ ಅಂತಾರೆ, ಕ್ಯಾಮೆರಾ ಗಾಜಿಂದ ಸ್ಕ್ರೀನ್ ಗಾಜಿಗೆ. ಎರಡೂ ಫೋನ್ ಒಂದೇ ಕೋಣೇಲಿದ್ರೆ ಸುಲಭ: ಲ್ಯಾಪ್‌ಟಾಪಲ್ಲಿ ಮಿಲಿಸೆಕೆಂಡ್ ತೋರ್ಸೋ ಸ್ಟಾಪ್‌ವಾಚ್ ಓಡಿಸಿ, ಮೊದಲ ಫೋನಿನ ಕ್ಯಾಮೆರಾ ಅದಕ್ಕೆ ಹಿಡೀರಿ, ಎರಡನೇ ಫೋನನ್ನ ಲ್ಯಾಪ್‌ಟಾಪ್ ಪಕ್ಕ ಇಡಿ, ಮೂರನೇ ಫೋನಲ್ಲಿ ಎರಡೂ ಸ್ಕ್ರೀನ್ ಬರೋ ಹಾಗೆ ಫೋಟೋ ತೆಗೀರಿ. ಎರಡು ಸಂಖ್ಯೆ ಕಳೆದ್ರೆ ಅದೇ ತಡ, ಗಡಿಯಾರ ಹೊಂದಿಸೋ ತಲೆನೋವೇ ಇಲ್ಲ. ಒಂದೇ ಫೋಟೋ ನಂಬ್ಬೇಡಿ, 60 ಹರ್ಟ್ಸ್ ಸ್ಕ್ರೀನ್ ಬದಲಾಗೋದೇ 16.7 ಮಿಲಿಸೆಕೆಂಡಿಗೆ ಒಂದ್ಸಲ, 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್) ಕ್ಯಾಮೆರಾ 33ಕ್ಕೆ ಒಂದ್ಸಲ ನೋಡತ್ತೆ, ಹತ್ತು ಫೋಟೋ ತೆಗೆದು ಸರಾಸರಿ ಮಾಡಿದ್ರೆ ಈ ಏರುಪೇರು ಸಮ ಆಗತ್ತೆ. ಎರಡೂ ಫೋನ್ ಒಂದೇ ವೈಫೈನಲ್ಲಿದ್ರೆ ಆಪ್ ನೇರ ದಾರಿ ಹಿಡಿದು ಮೋಸದ ಫಲಿತಾಂಶ ಕೊಡ್ಬೋದು, ಒಂದನ್ನ ಮೊಬೈಲ್ ಡೇಟಾಗೆ ಹಾಕಿ.

ದೂರದಲ್ಲಿರೋರ ಜೊತೆ ಮಾಡಕ್ಕೆ ಕನ್ನಡಿ ಬೇಕು. ನೀವು ನಿಮ್ಮ ಕ್ಯಾಮೆರಾಗೆ ಸ್ಟಾಪ್‌ವಾಚ್ ಹಿಡೀರಿ. ಆ ಕಡೆಯವರು ತಮ್ಮ ಫೋನನ್ನ ಕನ್ನಡಿ ಮುಂದೆ ಹಿಡಿದ್ರೆ ಅವರ ಸ್ಕ್ರೀನಲ್ಲಿ ಕಾಣೋ ನಿಮ್ಮ ಸ್ಟಾಪ್‌ವಾಚ್ ಕನ್ನಡೀಲಿ ಕಂಡು, ಅವರ ಮುಂದಿನ ಕ್ಯಾಮೆರಾ ಮೂಲಕ ನಿಮಗೇ ವಾಪಸ್ ಬರತ್ತೆ. ಈಗ ನಿಮ್ಮ ಕೈಲಿರೋ ಸ್ಟಾಪ್‌ವಾಚು, ಸ್ಕ್ರೀನಲ್ಲಿ ವಾಪಸ್ ಬಂದ ಸ್ಟಾಪ್‌ವಾಚು, ಎರಡೂ ಒಂದೇ ಫೋಟೋದಲ್ಲಿ ಹಿಡಿದು ಕಳೆದ್ರೆ ಹೋಗಿ ಬರೋ ಪೂರ್ತಿ ತಡ. ಅಂಕಿ ಉಲ್ಟಾ ಕಾಣತ್ತೆ, ಮಸುಕೂ ಇರತ್ತೆ, ದೊಡ್ಡ ಅಕ್ಷರದ ಸ್ಟಾಪ್‌ವಾಚ್ ಹಾಕ್ಕೊಳ್ಳಿ. ಅರ್ಧ ಮಾಡಿ ಒಂದು ಕಡೆಯ ತಡ ಅಂತ ಹೇಳೋಕೆ ಹೋಗ್ಬೇಡಿ, ಹೋಗೋ ದಾರಿ ಬರೋ ದಾರಿ ಒಂದೇ ಥರ ಇರ್ಬೇಕು ಅಂತ ನಿಯಮ ಇಲ್ಲ.

ಮೂರನೇದು ಮಾತು ಅರ್ಥ ಆಗತ್ತಾ ಅನ್ನೋದು. ಇದಕ್ಕೆ ಕನ್ನಡದ ಜೋಡಿ ಪದಗಳ ಒಂದು ಪಟ್ಟಿ ಮಾಡ್ಕೊಳ್ಳಿ: ಹಳ್ಳಿ-ಹಲ್ಲಿ, ಬಳೆ-ಬಲೆ, ಕಾಳು-ಕಾಲು, ಅಕ್ಕಿ-ಹಕ್ಕಿ, ಶಾಲು-ಸಾಲು, ಗರಿ-ಕರಿ. ಒಬ್ಬರು ಪ್ರತಿ ಜೋಡಿಯಿಂದ ಯಾವುದೋ ಒಂದನ್ನ ಓದೋದು, ಇನ್ನೊಬ್ಬರು ಕೇಳಿದ್ದನ್ನ ಬರೆಯೋದು, ವಾಕ್ಯದಲ್ಲಿ ಸೇರ್ಸಿ ಹೇಳ್ಬೇಡಿ, ವಾಕ್ಯ ಇದ್ರೆ ಕಿವಿ ಊಹೆ ಮಾಡ್ಕೊಂಡು ಬಿಡತ್ತೆ. ಹಳೇ ಫೋನ್ ಲೈನ್ ಥರ 3,400 ಹರ್ಟ್ಸ್‌ಗೆ ದನಿ ಕತ್ತರಿಸಿದ್ರೆ ಮೊದ್ಲು ಸಾಯೋದು ಶ-ಸ ವ್ಯತ್ಯಾಸ, ಆ ಅಕ್ಷರಗಳ ಶಕ್ತಿ ಎಲ್ಲಾ ಮೇಲಿನ ಫ್ರೀಕ್ವೆನ್ಸೀಲಿರತ್ತೆ. ಶಾಲು ಸಾಲು ಪದೇಪದೇ ಅದಲು ಬದಲಾಗ್ತಿದ್ರೆ ನೆಟ್‌ವರ್ಕ್ ಬಯ್ಯೋ ಮೊದ್ಲು ಬ್ಲೂಟೂತ್ ಹೆಡ್‌ಸೆಟ್ ತೆಗೆದು ವೈರ್ ಇಯರ್‌ಫೋನ್ ಹಾಕಿ ನೋಡಿ. ಮೈಕ್ ಆನ್ ಆದಾಗ ತುಂಬಾ ಬ್ಲೂಟೂತ್ ಹೆಡ್‌ಸೆಟ್‌ಗಳು ಕೆಳಮಟ್ಟದ ಆಡಿಯೋ ಮೋಡ್‌ಗೆ ಇಳೀತವೆ, ಜೊತೆಗೆ ನೂರು ಇನ್ನೂರು ಮಿಲಿಸೆಕೆಂಡ್ ತಡ ಬೇರೆ.

ಲಿಪ್ ಸಿಂಕ್‌ಗೆ ಕ್ಯಾಮೆರಾ ಮುಂದೆ ಚಪ್ಪಾಳೆ ಹೊಡೀರಿ, ಆ ಕಡೆ ಸ್ಕ್ರೀನನ್ನೂ ಸ್ಪೀಕರನ್ನೂ ಇನ್ನೊಂದು ಫೋನಲ್ಲಿ ವಿಡಿಯೋ ಮಾಡಿ ಫ್ರೇಮ್ ಫ್ರೇಮಾಗಿ ನೋಡಿದ್ರೆ ಕೈ ಸೇರಿದ್ದು ಯಾವಾಗ, ಸದ್ದು ಬಂದಿದ್ದು ಯಾವಾಗ ಗೊತ್ತಾಗತ್ತೆ. ಕಾಲ್ ಸೇರೋ ಟೈಮನ್ನೂ ಹೀಗೇ, ಬಟನ್ ಒತ್ತಿದ ಫ್ರೇಮಿಂದ ಆ ಕಡೆಯವರ ಮುಖ ಕಂಡ ಫ್ರೇಮ್ ತನಕ.

ಹಂತ 3: ಮನೆಯ ಲೈನ್ ಬೇರೆ, ಕಾಲ್ ಬೇರೆ

ಕಾಲ್ ಇಲ್ದೆ ಬರೀ ನೆಟ್‌ವರ್ಕ್ ನೋಡೋ ಹಂತ ಇದು, ಒಳಗಿಂದ ಹೊರಗೆ ಹೋಗ್ಬೇಕು. ಮೊದ್ಲು ನಿಮ್ಮ ರೌಟರಿಗೇ ಪಿಂಗ್ ಮಾಡಿ, ಸಾಮಾನ್ಯವಾಗಿ 192.168.1.1 ಇಲ್ಲಾ 192.168.0.1. ಐದು ನಿಮಿಷ ಓಡಿಸಿ. ಒಂದರಿಂದ ಐದು ಮಿಲಿಸೆಕೆಂಡ್ ಬರ್ಬೇಕು. ಮಧ್ಯೆ ಮಧ್ಯೆ 80, 150 ಅಂತ ಹಾರ್ತಿದ್ರೆ ಅಲ್ಲೇ ಕಳ್ಳ ಸಿಕ್ಕ, ಅದು ನಿಮ್ಮ ವೈಫೈ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗ್ದೇ ಇರೋ ಚಾನೆಲ್ ಮೂರೇ, 1, 6, 11, ಅಪಾರ್ಟ್‌ಮೆಂಟಲ್ಲಿ ನಲವತ್ತು ರೌಟರ್ ಆ ಮೂರನ್ನೇ ಹಂಚ್ಕೊಂಡಿರತ್ತೆ, ಮೈಕ್ರೋವೇವ್ ಓವನ್ನೂ ಅದೇ ಜಾಗದಲ್ಲಿ ಕಿರುಚತ್ತೆ. 5 ಗಿಗಾಹರ್ಟ್ಸ್‌ಗೆ ಹೋಗಿ, ಇಲ್ಲಾ ಒಂದು ಲ್ಯಾನ್ ಕೇಬಲ್ ಎಳೀರಿ. ಕೇಬಲ್ ಹಾಕಿದ್ರೆ ಸಮಸ್ಯೆ ಹೋಯ್ತು ಅಂದ್ರೆ ಇಂಟರ್ನೆಟ್ ಕೊಡೋರಿಗೆ ಫೋನ್ ಮಾಡೋ ಅವಶ್ಯಕತೇನೇ ಇಲ್ಲ.

ಆಮೇಲೆ ಹೊರಗಿನ ಯಾವುದಾದ್ರೂ ಗಟ್ಟಿ ವಿಳಾಸಕ್ಕೆ, 8.8.8.8 ಅಥವಾ 1.1.1.1ಗೆ ಪಿಂಗ್. ಎಂಟಿಆರ್ ಅನ್ನೋ ಟೂಲ್ ಇದ್ರೆ ದಾರೀಲಿ ಪ್ರತಿ ಹಾಪ್‌ನ (ಅಂದ್ರೆ ಮಧ್ಯೆ ಸಿಗೋ ಪ್ರತಿ ರೌಟರಿನ) ಲಾಸ್ ತೋರ್ಸತ್ತೆ, ಆದ್ರೆ ಇಲ್ಲಿ ಒಂದು ಗುಂಡಿ ಇದೆ: ಮಧ್ಯದ ಒಂದು ಹಾಪಲ್ಲಿ ಶೇ. 60 ಲಾಸ್ ಅಂತ ಕಂಡ್ರೆ ಸ್ಕ್ರೀನ್‌ಶಾಟ್ ತೆಗೆದು ಕಂಪ್ಲೇಂಟ್ ಕೊಡೋರಿದ್ದಾರೆ, ಅದು ಬಹಳ ಸಲ ಆ ರೌಟರ್ ಪಿಂಗಿಗೆ ಉತ್ತರ ಕೊಡೋದನ್ನ ಕಮ್ಮಿ ಮಾಡಿರೋದು ಅಷ್ಟೇ. ಲಾಸ್ ಆ ಹಾಪಿಂದ ಶುರುವಾಗಿ ಕೊನೇ ಹಾಪ್ ತನಕ ಮುಂದುವರಿದ್ರೆ ಮಾತ್ರ ಲೆಕ್ಕಕ್ಕೆ.

ಈ ಹಂತದಲ್ಲಿ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಬಫರ್‌ಬ್ಲೋಟ್. ಒಂದು ಕಿಟಕೀಲಿ 8.8.8.8ಗೆ ಪಿಂಗ್ ಓಡ್ತಾ ಇರ್ಲಿ, ಇನ್ನೊಂದ್ರಲ್ಲಿ ಒಂದು ದೊಡ್ಡ ವಿಡಿಯೋ ಫೈಲನ್ನ ಡ್ರೈವ್‌ಗೆ ಅಪ್‌ಲೋಡ್‌ಗೆ ಹಾಕಿ. ಸುಮ್ನಿದ್ದಾಗ 15 ಇದ್ದ ಪಿಂಗ್ ಅಪ್‌ಲೋಡ್ ಶುರುವಾದ್ಮೇಲೆ 400, 600 ಆಯ್ತಾ? ಹಾಗಿದ್ರೆ ನಿಮ್ಮ ರೌಟರ್ ಇಲ್ಲಾ ಮೋಡೆಮ್ ಪ್ಯಾಕೆಟ್‌ಗಳನ್ನ ಉದ್ದ ಕ್ಯೂನಲ್ಲಿ ನಿಲ್ಲಿಸ್ತಿದೆ, ಕಾಲ್‌ನ ಸಣ್ಣ ಪ್ಯಾಕೆಟ್ ಟೋಲ್ ಗೇಟಲ್ಲಿ ಲಾರಿಗಳ ಹಿಂದೆ ಸಿಕ್ಕ ಆಂಬುಲೆನ್ಸ್ ಥರ ನಿಂತಿರತ್ತೆ. ಮನೇಲಿ ಯಾರೋ ಫೋನ್ ಚಾರ್ಜಿಗೆ ಹಾಕಿದ ತಕ್ಷಣ ಫೋಟೋ ಬ್ಯಾಕಪ್ ಶುರುವಾಗಿ ನಿಮ್ಮ ಮೀಟಿಂಗ್ ಕೆಡೋದು ಇದೇ ಕಾರಣಕ್ಕೆ, ಸ್ಪೀಡ್ ಕಮ್ಮಿ ಆಗಿದ್ದಕ್ಕಲ್ಲ. ಇದಕ್ಕೆ ಮದ್ದಿದೆ, ಎಫ್‌ಕ್ಯೂ-ಕೋಡೆಲ್ (2018ರ ಆರ್‌ಎಫ್‌ಸಿ 8290, ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ತಂತ್ರಗಳನ್ನ ವಿವರಿಸೋ ದಾಖಲೆ) ಅಥವಾ ಕೇಕ್ ಅನ್ನೋ ಕ್ಯೂ ವಿಧಾನ ಇರೋ ರೌಟರ್ ತಗೊಂಡು ಅಪ್‌ಲೋಡ್ ಮಿತಿಯನ್ನ ನಿಜವಾದ ಸ್ಪೀಡಿನ ಶೇ. 85-90ಕ್ಕೆ ಕಟ್ಟಿ ಹಾಕೋದು. ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಸಾಫ್ಟ್‌ವೇರ್ ಹಾಕಿದ ರೌಟರಲ್ಲಿ ಎಸ್‌ಕ್ಯೂಎಂ ಅಂತ ಸಿಗತ್ತೆ.

ಇದನ್ನೆಲ್ಲ ಬೆಳಗ್ಗೆ ಹನ್ನೊಂದಕ್ಕೆ ಒಂದ್ಸಲ, ರಾತ್ರಿ ಒಂಬತ್ತಕ್ಕೆ ಒಂದ್ಸಲ ಮಾಡಿ. ಐಪಿಎಲ್ ಮ್ಯಾಚ್ ಇರೋ ಸಂಜೆ ಸಿಕ್ಕಿದ್ರೆ ಬಿಡ್ಬೇಡಿ.

ಹಂತ 4: ಕಾಲ್ ನಡೀತಿರೋವಾಗ ಒಳಗಿನ ಅಂಕಿ

ಜೂಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಸ್ಟ್ಯಾಟಿಸ್ಟಿಕ್ಸ್, ಟೀಮ್ಸ್‌ನಲ್ಲಿ ಕಾಲ್ ಹೆಲ್ತ್ ಅಂತ ಇದೆ, ಜಿಟ್ಸಿಯಲ್ಲಿ ಮುಖದ ಮೂಲೇಲಿರೋ ಸಿಗ್ನಲ್ ಗುರುತಿನ ಮೇಲೆ ಮೌಸ್ ಇಟ್ರೆ ಅಂಕಿ ಬರತ್ತೆ. ಬೇಗ ನೋಡಕ್ಕೆ ಇವು ಸಾಕು. ಆಳಕ್ಕೆ ಹೋಗ್ಬೇಕು ಅಂದ್ರೆ ಬ್ರೌಸರಲ್ಲೇ ಕಾಲ್ ಮಾಡಿ. ಗೂಗಲ್ 2011ರಲ್ಲಿ ಬಿಟ್ಟ, 2021ರಲ್ಲಿ ವೆಬ್ ಮಾನದಂಡ ಮಾಡೋ ಸಂಸ್ಥೆ ಡಬ್ಲ್ಯೂ3ಸಿ ಅಧಿಕೃತ ಮಾನದಂಡ ಮಾಡಿದ ವೆಬ್‌ಆರ್‌ಟಿಸಿ (ಬ್ರೌಸರಲ್ಲೇ ಕಾಲ್ ನಡೆಸೋ ತಂತ್ರಜ್ಞಾನ) ಮೇಲೆ ಓಡೋ ಯಾವ ಕಾಲ್ ಆದ್ರೂ ತನ್ನ ಜಾತಕ ತಾನೇ ಬಿಚ್ಚಿಡತ್ತೆ. ಕ್ರೋಮ್‌ನಲ್ಲಿ ಹೊಸ ಟ್ಯಾಬ್ ತೆಗೆದು ಅಡ್ರೆಸ್ ಬಾರಲ್ಲಿ ಇಂಗ್ಲಿಷಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ವೆಬ್‌ಆರ್‌ಟಿಸಿ, ಹೈಫನ್, ಇಂಟರ್ನಲ್ಸ್ ಅಂತ ಗ್ಯಾಪ್ ಇಲ್ದೆ ಟೈಪ್ ಮಾಡಿ. ಫೈರ್‌ಫಾಕ್ಸಲ್ಲಿ ಅಬೌಟ್, ಕೋಲನ್, ವೆಬ್‌ಆರ್‌ಟಿಸಿ. ಕಾಲ್ ಶುರು ಮಾಡೋ ಮೊದ್ಲೇ ಈ ಟ್ಯಾಬ್ ತೆಗೆದಿಡಿ, ಆಮೇಲೆ ತೆಗೆದ್ರೆ ಹಿಂದಿನ ಗ್ರಾಫ್ ಇರಲ್ಲ. ಕಾಲ್ ಮುಗಿಸೋ ಮೊದ್ಲು ಡಂಪ್ (ಈ ಅಂಕಿಗಳೆಲ್ಲಾ ಇರೋ ಫೈಲ್) ಡೌನ್‌ಲೋಡ್ ಮಾಡ್ಕೊಳ್ಳಿ. ಸ್ವಂತ ಆಪ್ ಕಟ್ಟೋರು ಗೆಟ್‌ಸ್ಟ್ಯಾಟ್ಸ್ ಅನ್ನೋ ಫಂಕ್ಷನ್ ಸೆಕೆಂಡಿಗೊಮ್ಮೆ ಕರೆದು ಇದೇ ಅಂಕಿ ಬರ್ಕೋಬೋದು. ಬಹುತೇಕ ಅಂಕಿ ಕಾಲ್ ಶುರುವಾದಾಗಿಂದ ಕೂಡ್ತಾ ಬಂದ ಮೊತ್ತ, ಈ ಸೆಕೆಂಡಿನ ಅಂಕಿಯಿಂದ ಹಿಂದಿನ ಸೆಕೆಂಡಿನ ಅಂಕಿ ಕಳೆದ್ರೆ ಮಾತ್ರ ಅರ್ಥ ಬರತ್ತೆ.

ಅಲ್ಲಿ ನೂರಾರು ಸಾಲು ಇರತ್ತೆ, ಹೆದರ್ಬೇಡಿ, ನಾನು ನೋಡೋದು ಕೆಲವೇ.

ಕ್ಯಾಂಡಿಡೇಟ್ ಪೇರ್. ಇದು ಕಾಲ್ ಯಾವ ದಾರೀಲಿ ಹೋಗ್ತಿದೆ ಅಂತ ಹೇಳತ್ತೆ. ಲೋಕಲ್ ಕ್ಯಾಂಡಿಡೇಟ್ ಟೈಪ್ ರಿಲೇ ಅಂತಿದ್ರೆ ನೇರ ದಾರಿ ಸಿಗ್ಲಿಲ್ಲ, ಟರ್ನ್ ಅನ್ನೋ ಮಧ್ಯದ ಸರ್ವರ್ ಮೂಲಕ ಸುತ್ತು ಹೋಗ್ತಿದೆ. ಮೊಬೈಲ್ ನೆಟ್‌ವರ್ಕಲ್ಲಿ ಒಂದೇ ಐಪಿವಿ4 ವಿಳಾಸ ಸಾವಿರಾರು ಜನ ಹಂಚ್ಕೊಳೋದ್ರಿಂದ ಇದು ತುಂಬಾ ಆಗತ್ತೆ. ರಿಲೇ ಮುಂಬೈಲಿದ್ರೆ ಚಿಂತೆ ಇಲ್ಲ. ಹುಬ್ಬಳ್ಳಿಯವರು ಧಾರವಾಡದವರ ಜೊತೆ ಮಾತಾಡ್ತಿದ್ದು ಸರ್ವರ್ ಸಿಂಗಾಪುರದಲ್ಲಿದ್ರೆ, ಬೆಂಗಳೂರಿಂದ ಸಿಂಗಾಪುರಕ್ಕೇ ಸುಮಾರು 3,200 ಕಿ.ಮೀ., ಹೋಗಿ ಬರಕ್ಕೆ ಬೆಳಕಿಗೇ 32 ಮಿಲಿಸೆಕೆಂಡ್ ಬೇಕು, ಇಪ್ಪತ್ತು ಕಿಲೋಮೀಟರ್ ಮಾತು ವಿದೇಶ ಸುತ್ತಿ ಬಂತು.

ಕರೆಂಟ್ ರೌಂಡ್ ಟ್ರಿಪ್ ಟೈಮ್. ಇಲ್ಲೇ ಜನ ಎಡವೋದು. ಇಬ್ಬರ ನಡುವೆ ನೇರ ಕಾಲ್ ಆಗಿದ್ರೆ ಇದು ಆ ಕಡೆ ತನಕದ ಅಂಕಿ. ಆದ್ರೆ ಗ್ರೂಪ್ ಕಾಲ್‌ಗಳಲ್ಲಿ ಎಲ್ರೂ ಮಾತಾಡೋದು ಮಧ್ಯದ ಸರ್ವರ್ ಜೊತೆ, ಅದನ್ನ ಎಸ್‌ಎಫ್‌ಯು ಅಂತಾರೆ, ಆಗ ಕಾಣೋ 40 ಮಿಲಿಸೆಕೆಂಡ್ ನಿಮಗೂ ಸರ್ವರಿಗೂ ಇರೋದು ಮಾತ್ರ, ಅಲ್ಲಿಂದ ಆಚೆ ಏನಾಗ್ತಿದೆ ಅಂತ ನಿಮ್ಮ ಸ್ಕ್ರೀನಿಗೆ ಗೊತ್ತೇ ಇಲ್ಲ. ಅದಕ್ಕೇ ಎರಡೂ ತುದೀಲಿ ಡಂಪ್ ತಗೋಬೇಕು. ಒಂದೇ ತುದಿ ಡಂಪ್ ಇಟ್ಕೊಂಡು ತೀರ್ಪು ಕೊಡೋದು ಒಬ್ಬರ ಮಾತು ಕೇಳಿ ನ್ಯಾಯ ಮಾಡಿದ ಹಾಗೆ.

ಇನ್‌ಬೌಂಡ್ ಮತ್ತು ರಿಮೋಟ್ ಇನ್‌ಬೌಂಡ್. ಇನ್‌ಬೌಂಡ್ ಆರ್‌ಟಿಪಿ ಕೆಳಗೆ ಕಾಣೋ ಪ್ಯಾಕೆಟ್ಸ್ ಲಾಸ್ಟ್ ನಿಮಗೆ ಬರ್ಬೇಕಾಗಿದ್ದು ಬರ್ದೇ ಇದ್ದಿದ್ದು. ರಿಮೋಟ್ ಇನ್‌ಬೌಂಡ್ ಕೆಳಗೆ ಕಾಣೋದು ನೀವು ಕಳ್ಸಿದ್ದು ಆ ಕಡೆ (ಇಲ್ಲಾ ಸರ್ವರಿಗೆ) ತಲುಪ್ದೇ ಇದ್ದಿದ್ದು. ಎರಡನೇದು ಮಾತ್ರ ಜಾಸ್ತಿ ಇದ್ರೆ ಅಪ್‌ಲೋಡ್ ರೋಗ, ಹಂತ 3ರ ಬಫರ್‌ಬ್ಲೋಟಿಗೆ ವಾಪಸ್ ಹೋಗಿ. ನೀವು ಎಲ್ರನ್ನೂ ಚೆನ್ನಾಗಿ ಕೇಳಿಸ್ಕೋತಿದೀರಾ, ನಿಮ್ಮನ್ನ ಮಾತ್ರ ಯಾರೂ ಕೇಳಿಸ್ಕೊಳಕ್ಕಾಗ್ತಿಲ್ಲ ಅನ್ನೋ ಪರಿಸ್ಥಿತಿ ಇದೇ.

ಜಿಟ್ಟರ್. ಇಲ್ಲಿ ಕಾಣೋ ಜಿಟ್ಟರ್ 2003ರ ಆರ್‌ಎಫ್‌ಸಿ 3550ರ ಲೆಕ್ಕ, ಪ್ರತಿ ಹೊಸ ಏರುಪೇರಿಗೆ ಹದಿನಾರನೇ ಒಂದು ಭಾಗ ಮಾತ್ರ ತೂಕ ಕೊಟ್ಟು ನಯ ಮಾಡ್ತಾ ಹೋಗತ್ತೆ. ಹಾಗಾಗಿ ಒಂದು ಕ್ಷಣದ ದೊಡ್ಡ ಏಟು ಇದ್ರಲ್ಲಿ ಮುಚ್ಚಿಹೋಗತ್ತೆ. ಅದ್ರ ಬದ್ಲು ಜಿಟ್ಟರ್ ಬಫರ್ ಡಿಲೇಯನ್ನ ಜಿಟ್ಟರ್ ಬಫರ್ ಎಮಿಟೆಡ್ ಕೌಂಟಿಂದ ಭಾಗಿಸಿ ನೋಡಿ, ಪ್ಯಾಕೆಟ್ ಏರುಪೇರು ಮುಚ್ಚಕ್ಕೆ ಆಪ್ ಎಷ್ಟು ಹೊತ್ತು ದನಿಯನ್ನ ಹಿಡಿದಿಟ್ಕೊಂಡಿದೆ ಅಂತ ಗೊತ್ತಾಗತ್ತೆ. ಅದು 40 ಮಿಲಿಸೆಕೆಂಡಿಂದ 200ಕ್ಕೆ ಏರಿದ್ರೆ, ಲಾಸ್ ಸೊನ್ನೆ ಇದ್ರೂ, ಮಾತುಕತೆ ಎಳೀತಿದೆ ಅಂತ ಎಲ್ರಿಗೂ ಅನ್ಸತ್ತೆ.

ಕನ್ಸೀಲ್ಡ್ ಸ್ಯಾಂಪಲ್ಸ್. ನನಗೆ ಒಂದೇ ಒಂದು ಅಂಕಿ ಆರಿಸ್ಕೋ ಅಂದ್ರೆ ಇದನ್ನೇ ಆರಿಸ್ಕೋತೀನಿ. ದನಿಯನ್ನ ಕುಗ್ಗಿಸಿ ಕಳ್ಸೋ ಓಪಸ್ ಕೋಡೆಕ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಸೆಕೆಂಡಿಗೆ 50. ಒಂದು ಬರ್ದೇ ಇದ್ರೆ ಆ ಜಾಗಕ್ಕೆ ಆಪ್ ತಾನೇ ದನಿ ಕಟ್ಟಿ ತುಂಬಿಸತ್ತೆ, ಆ ಸುಳ್ಳು ದನಿಯ ಲೆಕ್ಕ ಇದು. ಇದ್ರಿಂದ ಸೈಲೆಂಟ್ ಕನ್ಸೀಲ್ಡ್ (ಬರೀ ಮೌನ ತುಂಬಿಸಿದ್ದು) ಕಳೆದು, ಟೋಟಲ್ ಸ್ಯಾಂಪಲ್ಸ್ ರಿಸೀವ್ಡ್‌ನಿಂದ ಭಾಗಿಸಿ. ನೆಟ್‌ವರ್ಕಲ್ಲಿ ಶೇ. 3 ಲಾಸ್ ಇದ್ರೂ ಓಪಸ್‌ನ ರಿಪೇರಿಯಿಂದ ಇದು ಶೇ. 1ರ ಒಳಗಿದ್ರೆ ಕೇಳೋರಿಗೆ ಏನೂ ಗೊತ್ತಾಗಲ್ಲ, ಕಿವಿಗೆ ಬಿದ್ದಿದ್ದಕ್ಕೆ ಹತ್ತಿರ ಇರೋ ಅಂಕಿ ಇದೇ.

ಫ್ರೀಜ್ ಕೌಂಟ್ ಮತ್ತು ಟೋಟಲ್ ಫ್ರೀಜಸ್ ಡ್ಯೂರೇಶನ್. ಎರಡು ಫ್ರೇಮ್ ನಡುವಿನ ಗ್ಯಾಪ್, ಸರಾಸರಿ ಗ್ಯಾಪಿನ ಮೂರು ಪಟ್ಟು ಅಥವಾ ಸರಾಸರಿಗೆ 150 ಮಿಲಿಸೆಕೆಂಡ್ ಸೇರಿಸಿದ್ದು, ಇವೆರಡರಲ್ಲಿ ದೊಡ್ಡದನ್ನ ಮುಟ್ಟಿದ್ರೆ ಫ್ರೀಜ್ ಅಂತ ಲೆಕ್ಕ. 30 ಎಫ್‌ಪಿಎಸ್ ವಿಡಿಯೋಗೆ ಅದು ಸುಮಾರು 183 ಮಿಲಿಸೆಕೆಂಡ್. ಆದ್ರೆ ಮೊದ್ಲೇ 10 ಎಫ್‌ಪಿಎಸ್‌ಗೆ ಇಳಿದು ಕುಂಟ್ತಿರೋ ವಿಡಿಯೋಗೆ 300 ಆಗಿಬಿಡತ್ತೆ, ಅಂದ್ರೆ ಕೆಟ್ಟ ವಿಡಿಯೋಗೆ ಪರೀಕ್ಷೆ ಸುಲಭ. ಫ್ರೇಮ್ಸ್ ಪರ್ ಸೆಕೆಂಡ್ ಜೊತೆಗಿಟ್ಟೇ ಓದಿ.

ಕ್ವಾಲಿಟಿ ಲಿಮಿಟೇಶನ್ ರೀಸನ್. ಔಟ್‌ಬೌಂಡ್ ಕೆಳಗೆ ಸಿಗತ್ತೆ, ಬ್ಯಾಂಡ್‌ವಿಡ್ತ್, ಸಿಪಿಯು, ನನ್ (ಯಾವ ಅಡ್ಡಿಯೂ ಇಲ್ಲ) ಅಂತ ಬರತ್ತೆ. ಸಿಪಿಯು ಅಂತಿದ್ರೆ ಇಂಟರ್ನೆಟ್ ಬದಲಾಯಿಸಿ ಉಪಯೋಗ ಇಲ್ಲ, ಹಿಂದಿನ ದೃಶ್ಯ ಮಸುಕು ಮಾಡೋ ಎಫೆಕ್ಟ್ ತೆಗೀರಿ, ಚಾರ್ಜರಿಂದ ಬಿಸಿಯಾದ ಫೋನ್ ತಣ್ಣಗಾಗಕ್ಕೆ ಬಿಡಿ.

ಒಂದು ಎಚ್ಚರಿಕೆ, ಕ್ರೋಮ್ ಕಾಲ್ ಶುರು ಮಾಡೋದು 300 ಕೆಬಿಪಿಎಸ್ ಆಸುಪಾಸಲ್ಲಿ, ಆಮೇಲೆ ಲೈನ್ ಎಷ್ಟು ತಡ್ಕೊಳತ್ತೆ ಅಂತ ನೋಡ್ಕೊಂಡು ಏರತ್ತೆ. ಹಾಗಾಗಿ ಮೊದಲ ಅರ್ಧ ನಿಮಿಷ ಬೇರೆ ಲೆಕ್ಕ, ಉಳಿದಿದ್ದು ಬೇರೆ ಲೆಕ್ಕ. ಹಾಗೇ ಡೇಟಾ ಪ್ಯಾಕ್ ಮೇಲೆ ಕಣ್ಣಿಡಿ: 1.5 ಎಂಬಿಪಿಎಸ್ ಅಂದ್ರೆ ಗಂಟೆಗೆ ಒಂದು ಕಡೆಗೇ 675 ಎಂಬಿ, ಎರಡೂ ಕಡೆ ಸೇರಿ 1.35 ಜಿಬಿ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರೋರು ಒಂದು ಗಂಟೆ ಹತ್ತು ನಿಮಿಷ ಟೆಸ್ಟ್ ಮಾಡಿದ್ರೆ ಮಿಕ್ಕಿದ ದಿನ 64 ಕೆಬಿಪಿಎಸ್‌ನಲ್ಲಿ ಕೂರ್ಬೇಕು.

ಹಂತ 5: ಬೇಕು ಅಂತಲೇ ಕೆಡ್ಸಿ ನೋಡೋದು

ಎರಡು ಆಪ್ ಹೋಲಿಸ್ಬೇಕು ಅಂದ್ರೆ ಚೆನ್ನಾಗಿರೋ ಲೈನಲ್ಲಿ ಹೋಲಿಸಿ ಏನೂ ಸಿಗಲ್ಲ, ಅಲ್ಲಿ ಎಲ್ರೂ ಜಾಣರೇ. ಲೈನ್ ಕೆಟ್ಟಾಗ ಯಾರು ಹೇಗೆ ನಡ್ಕೋತಾರೆ ಅನ್ನೋದೇ ಪರೀಕ್ಷೆ. ಲೈನನ್ನ ಹೀಗೆ ಬೇಕು ಅಂತಲೇ ಕೆಡ್ಸಕ್ಕೆ ಲಿನಕ್ಸಲ್ಲಿ ನೆಟೆಮ್ ಇದೆ, ವಿಂಡೋಸ್‌ಗೆ ಕ್ಲಮ್ಸಿ, ಮ್ಯಾಕ್ ಮತ್ತು ಐಫೋನಿಗೆ ಆಪಲ್‌ನದ್ದೇ ನೆಟ್‌ವರ್ಕ್ ಲಿಂಕ್ ಕಂಡೀಶನರ್. ಮಧ್ಯದಲ್ಲಿ ಒಂದು ಲಿನಕ್ಸ್ ಪೆಟ್ಟಿಗೆಯನ್ನ ರೌಟರ್ ಮಾಡಿ ಅದ್ರಲ್ಲಿ ನೆಟೆಮ್ ಓಡ್ಸೋದು ಎಲ್ಲಕ್ಕಿಂತ ಒಳ್ಳೇದು, ಫೋನನ್ನೂ ಟೆಸ್ಟ್ ಮಾಡ್ಬೋದು. ನೆಟೆಮ್ ಹೊರಗೆ ಹೋಗೋ ಟ್ರಾಫಿಕ್ಕನ್ನ ಮಾತ್ರ ಕೆಡಸತ್ತೆ, ಹಾಗಾಗಿ ಆ ಪೆಟ್ಟಿಗೆಯ ಎರಡೂ ಇಂಟರ್‌ಫೇಸಿಗೆ ಬೇರೆ ಬೇರೆ ಹಾಕ್ಬೇಕು. ಇನ್ನೊಂದು, ತಡಕ್ಕೆ ಜಿಟ್ಟರ್ ಸೇರಿಸಿದ್ರೆ ನೆಟೆಮ್ ಪ್ಯಾಕೆಟ್‌ಗಳ ಸಾಲೇ ಹಿಂದು ಮುಂದು ಮಾಡಿಬಿಡತ್ತೆ, ನಿಜವಾದ ಲೈನಲ್ಲಿ ಅಷ್ಟು ಆಗಲ್ಲ, ಅದನ್ನ ನೋಡಿ ಆಪ್ ಕೆಟ್ಟದು ಅಂತ ಬರೀಬೇಡಿ.

ಒಂದ್ಸಲಕ್ಕೆ ಒಂದನ್ನೇ ಬದಲಾಯಿಸಿ. ಒಂದು ನಿಮಿಷ ಚೆನ್ನಾಗಿರೋ ಲೈನ್, ಒಂದು ನಿಮಿಷ ಕೆಟ್ಟದ್ದು, ಮತ್ತೆ ಒಂದೆರಡು ನಿಮಿಷ ಚೆನ್ನಾಗಿರೋದು. ಕೆಟ್ಟದ್ದು ಅಂದ್ರೆ ಲಾಸ್ ಶೇ. 2, 5, 10. ತಡ 100, 300. ಬ್ಯಾಂಡ್‌ವಿಡ್ತ್ 1 ಎಂಬಿಪಿಎಸ್, 500 ಕೆಬಿಪಿಎಸ್, 150 ಕೆಬಿಪಿಎಸ್. ನೋಡ್ಬೇಕಾಗಿದ್ದು ಮೂರು. ಕೆಟ್ಟ ಕೂಡ್ಲೇ ಬಿಟ್‌ರೇಟ್ (ಸೆಕೆಂಡಿಗೆ ಕಳ್ಸೋ ಡೇಟಾ) ಇಳಿಸಕ್ಕೆ ಎಷ್ಟು ಸೆಕೆಂಡ್ ತಗೊಳ್ತು, ಅಲ್ಲಿ ತನಕ ಎಷ್ಟು ಫ್ರೀಜ್ ಆಯ್ತು. ಸರಿ ಹೋದ್ಮೇಲೆ ಮೊದಲಿನ ಕ್ವಾಲಿಟಿಗೆ ಬರಕ್ಕೆ ಎಷ್ಟು ಹೊತ್ತು, ಕೆಲವು ಆಪ್ ಐದಾರು ಸೆಕೆಂಡಲ್ಲಿ ಬರತ್ತೆ, ಕೆಲವು ಅರ್ಧ ನಿಮಿಷ ಮುನಿಸ್ಕೊಂಡು ಕೂರತ್ತೆ. ಮೂರನೇದು, 150 ಕೆಬಿಪಿಎಸ್‌ನಲ್ಲಿ ಚಿತ್ರ ಬಿಟ್ಟು ದನಿ ಉಳಿಸ್ಕೊಳತ್ತಾ ಇಲ್ಲಾ ಎರಡನ್ನೂ ಮುಳುಗಿಸತ್ತಾ. ನನ್ನ ಪ್ರಕಾರ ಮೂರನೇದ್ರಲ್ಲಿ ಸೋತ ಆಪ್‌ಗೆ ಮಿಕ್ಕಿದ್ದರಲ್ಲಿ ಎಷ್ಟೇ ಅಂಕ ಬಂದ್ರೂ ಬೇಡ ಅಂತೀನಿ, ಮುಖ ನಿಂತ್ರೂ ಮೀಟಿಂಗ್ ನಡಿಯತ್ತೆ, ದನಿ ನಿಂತ್ರೆ ಮುಗೀತು.

ನಮ್ಮೂರಿನ ಪರೀಕ್ಷೆ ಒಂದು ಸೇರ್ಸಿ: ಕಾಲ್ ಮಧ್ಯೆ ರೌಟರ್ ಪ್ಲಗ್ ಕಿತ್ತು ಮೊಬೈಲ್ ಡೇಟಾಗೆ ಬೀಳಕ್ಕೆ ಬಿಡಿ. ಕರೆಂಟ್ ಹೋದಾಗ ಆಗೋದು ಇದೇ ತಾನೆ. ದನಿ ವಾಪಸ್ ಬರಕ್ಕೆ ಎಷ್ಟು ಸೆಕೆಂಡ್, ತಾನೇ ಬಂತಾ ಇಲ್ಲಾ ಮತ್ತೆ ಜಾಯಿನ್ ಆಗ್ಬೇಕಾಯ್ತಾ ಅಂತ ಬರ್ಕೊಳ್ಳಿ.

ಕ್ಯಾಮೆರಾ ಮುಂದೆ ಏನಿದೆ ಅನ್ನೋದೂ ಮುಖ್ಯ. ಬಿಳಿ ಗೋಡೆ ಮುಂದೆ ಕೂತ ಮುಖಕ್ಕೂ ಹಿಂದೆ ಕಿಟಕೀಲಿ ಅಡಿಕೆ ಸೋಗೆ ಗಾಳಿಗೆ ಅಲ್ಲಾಡ್ತಿರೋ ಮುಖಕ್ಕೂ ಬೇಕಾಗೋ ಬಿಟ್‌ರೇಟ್ ಅಜಗಜಾಂತರ. ಹಾಗಾಗಿ ಪ್ರತಿ ಸಲ ಒಂದೇ ರೆಕಾರ್ಡ್ ಮಾಡಿದ ವಿಡಿಯೋ ಓಡಿಸಿ, ಓಬಿಎಸ್ ಅನ್ನೋ ಸಾಫ್ಟ್‌ವೇರಿನ ವರ್ಚುವಲ್ ಕ್ಯಾಮೆರಾದಲ್ಲಿ ಮಾಡ್ಬೋದು. ಎರಡು ಆಪ್ ಹೋಲಿಸುವಾಗ ಒಂದನ್ನ ಐದು ಸಲ ಮುಗಿಸಿ ಇನ್ನೊಂದಕ್ಕೆ ಹೋಗ್ಬೇಡಿ, ಒಂದು ಇದು ಒಂದು ಅದು ಅಂತ ಅದಲು ಬದಲು ಮಾಡಿ, ಮಧ್ಯೆ ನೆಟ್‌ವರ್ಕ್ ಬದಲಾದ್ರೂ ಇಬ್ಬರಿಗೂ ಸಮ ಬೀಳತ್ತೆ.

ಹಂತ 6: ಕ್ವಾಲಿಟಿಗೆ ಮಾರ್ಕ್ಸ್

ಅತ್ಯಂತ ಹಳೇ, ಇವತ್ತಿಗೂ ಗಟ್ಟಿ ವಿಧಾನ ಜನರನ್ನ ಕೇಳೋದು. ಐಟಿಯು ಪಿ.800ರ ಐದು ಅಂಕದ ಅಳತೆ, ಎಲ್ರ ಸರಾಸರಿಗೆ ಎಂಓಎಸ್ ಅಂತ ಹೆಸರು. ಕನ್ನಡದಲ್ಲಿ ನಾನು ಹೀಗೆ ಕೇಳ್ತೀನಿ: 5 ತುಂಬಾ ಚೆನ್ನಾಗಿದೆ, 4 ಚೆನ್ನಾಗಿದೆ, 3 ಪರವಾಗಿಲ್ಲ, 2 ಕಷ್ಟ, 1 ಆಗಲ್ಲ. ಯಾವ ಆಪ್ ಅಂತ ಹೇಳ್ಬೇಡಿ, ಹೆಸರು ಗೊತ್ತಾದ್ರೆ ಮಾರ್ಕ್ಸ್ ಹೆಸರಿಗೆ ಬೀಳತ್ತೆ. ದನಿ, ಚಿತ್ರ, ಮಾತುಕತೆ ಸಲೀಸಾಗಿತ್ತಾ, ಮೂರೂ ಬೇರೆ ಬೇರೆ ಕೇಳಿ. ಮಾತುಕತೆಗೆ ಬರೀ ಕೇಳೋದು ಸಾಲಲ್ಲ, ಇಬ್ಬರಿಗೂ ಏನಾದ್ರೂ ಕೆಲ್ಸ ಕೊಡಿ, ಇಬ್ಬರೂ ಸೇರಿ ಟ್ರಿಪ್ ಪ್ಲಾನ್ ಮಾಡೋ ಹಾಗೆ, ಆಗ್ಲೇ ಒಬ್ಬರ ಮೇಲೊಬ್ಬರು ಮಾತಾಡೋದು ಹೊರಗೆ ಬರೋದು.

ಜನ ಇಲ್ದೆ ಮಾಡೋಕೆ ದನಿಗೆ 2001ರ ಪೆಸ್ಕ್ (ಐಟಿಯು ಪಿ.862), ಆಮೇಲೆ ಬಂದ ಪೋಲ್ಕಾ (ಪಿ.863), ಚಿತ್ರಕ್ಕೆ ಪಿಎಸ್‌ಎನ್‌ಆರ್, ಎಸ್‌ಎಸ್‌ಐಎಂ, ನೆಟ್‌ಫ್ಲಿಕ್ಸ್ 2016ರಲ್ಲಿ ಬಿಟ್ಟ ವಿಎಂಎಎಫ್ ಇವೆ. ಎಲ್ಲಕ್ಕೂ ಕಳ್ಸಿದ ಮೂಲ ಬೇಕು, ಬಂದಿದ್ದರ ರೆಕಾರ್ಡಿಂಗ್ ಬೇಕು, ಎರಡನ್ನೂ ಫ್ರೇಮಿಗೆ ಫ್ರೇಮ್ ಹೊಂದಿಸ್ಬೇಕು, ಅದಕ್ಕೆ ಮೂಲ ವಿಡಿಯೋದ ಪ್ರತಿ ಫ್ರೇಮಿನ ಮೂಲೇಲಿ ಒಂದು ನಂಬರ್ ಇಲ್ಲಾ ಕ್ಯೂಆರ್ ಕೋಡ್ ಅಚ್ಚು ಹಾಕ್ಕೊಳ್ಳಿ. ವಿಎಂಎಎಫ್ ಹುಟ್ಟಿದ್ದು ಸಿನಿಮಾ ಸ್ಟ್ರೀಮಿಂಗಿಗೆ. ಬಂದ ಫ್ರೇಮ್‌ಗಳನ್ನ ಮಾತ್ರ ಹೊಂದಿಸಿ ಅಳೆದ್ರೆ ಮಧ್ಯದಲ್ಲಿ ಮೂರು ಸೆಕೆಂಡ್ ನಿಂತಿದ್ದು ಅದಕ್ಕೆ ಕಾಣೋದೇ ಇಲ್ಲ, ಕಾಲ್‌ಗೆ 95 ಮಾರ್ಕ್ಸ್ ಕೊಟ್ಟು ಕೂತಿರತ್ತೆ.

ಹಂತ 7: ಸರಾಸರಿ ಬಿಟ್ಟು ಕೆಟ್ಟ ಭಾಗ ನೋಡಿ

ಹತ್ತು ನಿಮಿಷದ ಕಾಲ್, ಲಾಸ್ ಶೇ. 1. ಇದು ಅಲ್ಲೊಂದು ಇಲ್ಲೊಂದು ಹರಡಿದ್ರೆ ಯಾರಿಗೂ ಗೊತ್ತಾಗಲ್ಲ, ಅದೇ ಶೇ. 1 ಒಂದೇ ಕಡೆ ಬಿದ್ರೆ ಪೂರ್ತಿ ಆರು ಸೆಕೆಂಡ್ ಕತ್ತಲು, ಆ ಆರು ಸೆಕೆಂಡಲ್ಲೇ ಇಂಟರ್‌ವ್ಯೂ ಪ್ರಶ್ನೆ ಕೇಳಿದ್ರು ಅಂದ್ಕೊಳ್ಳಿ. ಅದಕ್ಕೇ ಕಾಲನ್ನ ಐದು ಐದು ಸೆಕೆಂಡಿನ ತುಂಡು ಮಾಡಿ, ಹತ್ತು ನಿಮಿಷಕ್ಕೆ 120 ತುಂಡು. ಪ್ರತಿ ತುಂಡಿಗೆ ಕನ್ಸೀಲ್ಡ್ ಶೇಕಡಾ, ಫ್ರೀಜ್ ಆದ ಸಮಯ, ಜಿಟ್ಟರ್ ಬಫರ್ ತಡ, ರೌಂಡ್ ಟ್ರಿಪ್ ಲೆಕ್ಕ ಹಾಕಿ ಕೆಟ್ಟದ್ದು ಮೇಲೆ ಬರೋ ಹಾಗೆ ಜೋಡಿಸಿ. ಮೇಲಿನ ಆರು ತುಂಡು, ಅಂದ್ರೆ ಕೆಟ್ಟ ಶೇ. 5, ಅದನ್ನೇ ನೋಡಿ. ಮಧ್ಯದ ತುಂಡಿನ ಅಂಕಿಯನ್ನ ಪಕ್ಕದಲ್ಲಿ ಬರೀರಿ. ಎಕ್ಸೆಲ್ ಸಾಕು, ದೊಡ್ಡ ಟೂಲ್ ಬೇಡ.

ಆಮೇಲೆ ಆ ಕೆಟ್ಟ ಆರು ತುಂಡಿನ ಸಮಯವನ್ನ ಎರಡೂ ತುದಿಯ ಡಂಪಲ್ಲೂ, ಹಿನ್ನೆಲೇಲಿ ಓಡಿಸಿಟ್ಟ ರೌಟರ್ ಪಿಂಗ್ ಮತ್ತು 8.8.8.8 ಪಿಂಗಲ್ಲೂ ಹುಡುಕಿ. ಅದಕ್ಕೆ ಎಲ್ಲಾ ಮೆಷೀನಿನ ಗಡಿಯಾರ ಇಂಟರ್ನೆಟ್ ಟೈಮಿಗೆ ಹೊಂದಿರ್ಲಿ. ರೌಟರ್ ಪಿಂಗೂ ಹಾರಿದ್ರೆ ವೈಫೈ. ರೌಟರ್ ನೆಟ್ಟಗಿದ್ದು 8.8.8.8 ಹಾರಿದ್ರೆ ಲೈನ್, ಆ ಹೊತ್ತಲ್ಲಿ ಮನೇಲಿ ಅಪ್‌ಲೋಡ್ ಇತ್ತಾ ಕೇಳಿ. ಎರಡೂ ನೆಟ್ಟಗಿದ್ದು ಕ್ವಾಲಿಟಿ ಲಿಮಿಟೇಶನ್ ಸಿಪಿಯು ಅಂತಿದ್ರೆ ಮೆಷೀನ್. ಮೂರೂ ಸರಿ, ಆ ತುದಿಯ ರಿಮೋಟ್ ಇನ್‌ಬೌಂಡಲ್ಲಿ ಲಾಸ್ ಇದ್ರೆ ರೋಗ ಅವರ ಅಪ್‌ಲೋಡಲ್ಲಿದೆ. ಎರಡೂ ತುದಿ ಸ್ವಚ್ಛ, ಆದ್ರೂ ಎಲ್ರಿಗೂ ಒಟ್ಟಿಗೇ ಕೆಡ್ತು ಅಂದ್ರೆ ಸರ್ವರ್ ಮೇಲೆ ಅನುಮಾನ ಪಡಿ, ಮೂರನೇ ಊರಿಂದ ಒಬ್ಬರನ್ನ ಸೇರಿಸ್ಕೊಂಡು ಇನ್ನೊಮ್ಮೆ ನೋಡಿ.

ಕಂಪ್ಲೇಂಟ್ ಕೊಡುವಾಗ "ನೆಟ್ ಸ್ಲೋ" ಅಂತ ಬರೆದ್ರೆ ಸ್ಪೀಡ್ ಟೆಸ್ಟ್ ಮಾಡಿ ಕಳ್ಸಿ ಅಂತ ಉತ್ತರ ಬಂದು ಕೇಸ್ ಕ್ಲೋಸ್ ಆಗತ್ತೆ. ಬದ್ಲಿಗೆ ದಿನಾಂಕ, ಸಮಯ, ಲ್ಯಾನ್ ಕೇಬಲಲ್ಲಿ ಅಳೆದಿದ್ದು ಅನ್ನೋ ಮಾತು, ಅದೇ ಹೊತ್ತಿನ ರೌಟರ್ ಪಿಂಗ್ ಮತ್ತು ಹೊರಗಿನ ಪಿಂಗ್ ಪಕ್ಕ ಪಕ್ಕ, ಕೊನೇ ಹಾಪ್ ತನಕ ಲಾಸ್ ಇರೋ ಎಂಟಿಆರ್, ಇಷ್ಟು ಹಾಕಿ. ಕಾಲ್ ರೆಕಾರ್ಡಿಂಗ್ ಹಾಕ್ಬೇಕಾದ್ರೆ ಆ ಕಡೆಯವರನ್ನ ಕೇಳಿ ಹಾಕಿ, ಡಂಪ್ ಫೈಲಲ್ಲಿ ಇಬ್ಬರ ಐಪಿ ವಿಳಾಸಾನೂ ಇರತ್ತೆ, ಅದನ್ನ ಅಳಿಸಿ. ರಿಪೇರಿ ಆಯ್ತು ಅಂತ ಅವರು ಹೇಳಿದ್ಮೇಲೆ ಅದೇ ಹೊತ್ತಿಗೆ, ಅದೇ ಎರಡು ಮೆಷೀನಲ್ಲಿ, ಅದೇ ವಿಡಿಯೋ ಓಡಿಸಿ ಮತ್ತೆ ಹತ್ತು ನಿಮಿಷ ಅಳೆದು ಕೆಟ್ಟ ಆರು ತುಂಡನ್ನ ಹಳೇ ಆರರ ಪಕ್ಕ ಇಡಿ, ಅವು ಬದಲಾಗಿಲ್ಲ ಅಂದ್ರೆ ಕಂಪ್ಲೇಂಟ್ ಕ್ಲೋಸ್ ಮಾಡಕ್ಕೆ ಒಪ್ಬೇಡಿ.